ಕ್ರಾಕೋವ್‌ನ ಯಹೂದಿ ಸಂಸ್ಕೃತಿ ಹಬ್ಬಕ್ಕೆ ಹೊರಟವರಿಗೆ ಒಂದಷ್ಟು ಮಾತು

ಪೋಲೆಂಡಿನ ಕ್ರಾಕೋವ್‌ನಲ್ಲಿ ಬೇಸಿಗೆಗೊಮ್ಮೆ ಯಹೂದಿ ಸಂಸ್ಕೃತಿ ಹಬ್ಬ ನಡೆಯುತ್ತದೆ. ಸಾಮಾನ್ಯವಾಗಿ ಜೂನ್ ಕೊನೆ, ಜುಲೈ ಆರಂಭದ ಹೊತ್ತಿಗೆ. ಯುರೋಪ್ ಟೂರ್ ಮಧ್ಯೆ ಒಂದು ದಿನ ತೂರಿಸಿದರೆ ಆಯ್ತಲ್ಲ ಅಂದುಕೊಂಡವರಿಗೆ ನನ್ನ ಸಲಹೆ ಒಂದೇ: ಹಾಗೆ ಮಾಡಬೇಡಿ. ಒಂದು ಸಂಜೆ ಹಾಡು ಕೇಳಿ ವಾಪಸ್ ಬಂದರೆ ಇದು ಇನ್ನೊಂದು ಸಂಗೀತ ಕಾರ್ಯಕ್ರಮ ಅಷ್ಟೇ. ಹಗಲು ಆ ಬೀದಿಗಳಲ್ಲಿ ಓಡಾಡಿ, ಸಂಜೆ ಹಾಡು ಕೇಳಿದರೆ ಕಥೆಯೇ ಬೇರೆ.

ಯಾಕೆ ಅಂದರೆ, ಹಬ್ಬ ನಡೆಯುವ ಕಾಜಿಮಿಯೆಜ್ ಬಡಾವಣೆಯೇ ಅರ್ಧ ಹಬ್ಬ. 1335ರಲ್ಲಿ ರಾಜ ಕಾಜಿಮಿಯೆಜ್ ಬೇರೆ ಊರಾಗಿಯೇ ಕಟ್ಟಿಸಿದ ಜಾಗ ಇದು. 1495ರಲ್ಲಿ ಕ್ರಾಕೋವ್‌ನ ಯಹೂದಿಗಳನ್ನು ಇಲ್ಲಿಗೆ ಕಳಿಸಿದರು. ಎರಡನೇ ಮಹಾಯುದ್ಧಕ್ಕೆ ಮುಂಚೆ ಊರಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದರು, ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. ಬಹುತೇಕರನ್ನು ನಾಜಿಗಳು ಕೊಂದರು, ಈಗ ಉಳಿದಿರುವುದು ತೀರಾ ಸ್ವಲ್ಪ ಜನ. 1988ರಲ್ಲಿ, ಇನ್ನೂ ಕಮ್ಯುನಿಸ್ಟ್ ಸರ್ಕಾರ ಇದ್ದಾಗ, ಈ ಹಬ್ಬ ಶುರು ಮಾಡಿದವರು ಯಾನುಷ್ ಮಾಕುಖ್ ಮತ್ತು ಕ್ಷಿಶ್ತೋಫ್ ಗಿಯೆರಾತ್. ಇಬ್ಬರೂ ಯಹೂದಿಗಳಲ್ಲ. ಯಹೂದಿಗಳೇ ಇಲ್ಲದ ಕಡೆ ಯಹೂದಿ ಹಬ್ಬ ಯಾರಿಗೆ ಅಂತ ಕೇಳುವವರು ಇದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಆದರೆ ವೇದಿಕೆ ಮೇಲೆ ಹಾಡುವವರು, ಮಾತಾಡುವವರಲ್ಲಿ ಬಹಳಷ್ಟು ಮಂದಿ ಇಸ್ರೇಲ್, ಅಮೆರಿಕದಂಥ ಕಡೆಗಳಿಂದ ಬಂದ ಯಹೂದಿಗಳೇ. 2008ರಲ್ಲಿ ಇಲ್ಲೇ ಮಿಯೊದೊವಾ ಬೀದಿಯಲ್ಲಿ ಯಹೂದಿ ಸಮುದಾಯ ಕೇಂದ್ರವೂ ತೆರೆಯಿತು. ಪೂರ್ತಿ ನಾಟಕ ಅಂತ ತಳ್ಳಿಹಾಕೋಕೆ ನನಗಂತೂ ಮನಸ್ಸು ಬರುವುದಿಲ್ಲ.

ಈಗ ಪ್ಲಾನ್ ವಿಷಯ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ಎಲ್ಲೋ ಒಂದು ಕಡೆ ಇಳಿದು ಹತ್ತಲೇಬೇಕು. ಷೆಂಗೆನ್ ವೀಸಾ ಬೇಕು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್‌ಗೆ ನೂಕುನುಗ್ಗಲು, ಹಾಗಾಗಿ ಹಬ್ಬದ ತಾರೀಖು ಗೊತ್ತಾದ ತಕ್ಷಣ ಆ ಕೆಲಸ ಶುರು ಮಾಡಿ. ವಿಮಾನ ನಿಲ್ದಾಣದಿಂದ ಊರೊಳಗಿನ ಮುಖ್ಯ ಸ್ಟೇಷನ್‌ಗೆ ರೈಲಿದೆ, ಇಪ್ಪತ್ತು ನಿಮಿಷದ ದಾರಿ. ಟ್ಯಾಕ್ಸಿ ದಂಡ. ಇಲ್ಲಿ ಯೂರೋ ನಡೆಯುವುದಿಲ್ಲ, ಜ್ವಾಟಿ ಬೇಕು. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ, ಆದರೂ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ. ಟ್ರಾಮ್ ಹತ್ತಿದ ಮೇಲೆ ಕಾಗದದ ಟಿಕೆಟ್‌ಗೆ ಮುದ್ರೆ ಒತ್ತಿಸಬೇಕು, ಸುಮ್ನೆ ಜೇಬಲ್ಲಿಟ್ಟುಕೊಂಡರೆ ಟಿಕೆಟ್ ಇದ್ದೂ ದಂಡ ಕಟ್ಟುತ್ತೀರಿ.

ರೂಮ್ ಕಾಜಿಮಿಯೆಜ್‌ನಲ್ಲೇ ಮಾಡಿದರೆ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಆದರೆ ಪ್ಲಾತ್ಸ್ ನೋವಿ ಚೌಕದ ಸುತ್ತ ಬಾರ್‌ಗಳು ಜಾಸ್ತಿ, ರಾತ್ರಿ ನಿದ್ದೆ ಬರಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ವಿಸ್ತುಲಾ ನದಿಯ ಆಚೆ ಪೊದ್ಗೂಜೆಯಲ್ಲಿ ಉಳಿಯಿರಿ, ಕಾಲುಸೇತುವೆ ದಾಟಿದರೆ ಬಂದೇಬಿಟ್ಟಿರಿ.

ತುಂಬಾ ಜನ ಎಡವುವುದು ಶಬ್ಬಾತ್ ಹತ್ತಿರ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವ ತನಕ ಯಹೂದಿಗಳ ವಿಶ್ರಾಂತಿ ದಿನ. ರೆಮು ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಅದರ ಹಿಂದಿನ ಹಳೇ ಸ್ಮಶಾನ ಶನಿವಾರ ನೋಡೋಕೆ ಸಿಗಲ್ಲ. ಜೂನ್ ಕೊನೆಯಲ್ಲಿ ಅಲ್ಲಿ ಕತ್ತಲಾಗುವುದೇ ರಾತ್ರಿ ಒಂಬತ್ತು ದಾಟಿ, ಅಂದರೆ ಇಡೀ ಶನಿವಾರ ಹೋಯ್ತು. ವಾರಾಂತ್ಯಕ್ಕೆ ಬಂದು ಹೋಗುತ್ತೀನಿ ಅನ್ನುವವರು ಇದೊಂದನ್ನು ನೋಡಿಕೊಂಡೇ ಟಿಕೆಟ್ ಮಾಡಿ. ಸೋಮವಾರ, ಮಂಗಳವಾರ ತಲುಪಿದರೆ ಒಳ್ಳೆಯದು.

ರೆಮು ಮಾತ್ರ ಬಿಡಬೇಡಿ. ಗಂಡಸರು ತಲೆ ಮುಚ್ಚಿಕೊಂಡು ಒಳಗೆ ಹೋಗಬೇಕು. 1572ರಲ್ಲಿ ತೀರಿಕೊಂಡ ರಬ್ಬಿ (ಯಹೂದಿ ಧರ್ಮಗುರು) ಮೋಶೆ ಇಸ್ಸರ್ಲೆಸ್ ಸಮಾಧಿ ಅಲ್ಲಿದೆ. ಸಮಾಧಿಗಳ ಮೇಲೆ ಹೂವಿರಲ್ಲ, ಪುಟ್ಟ ಪುಟ್ಟ ಕಲ್ಲು. ಕೆಲವು ಕಲ್ಲಿನ ಕೆಳಗೆ ಮಡಚಿದ ಚೀಟಿಗಳು, ಹರಕೆ ಬರೆದವು. ಮುಟ್ಟಬೇಡಿ, ಫೋಟೋಗೆಂದು ಸರಿಸಬೇಡಿ. ಸ್ಮಶಾನದ ಗೋಡೆಯೊಂದನ್ನು ಒಡೆದುಹೋದ ಸಮಾಧಿ ಕಲ್ಲಿನ ಚೂರುಗಳಿಂದಲೇ ಕಟ್ಟಿದ್ದಾರೆ. ಒಂದು ಚೂರಲ್ಲಿ ಅರ್ಧ ಹೆಸರು, ಪಕ್ಕದ್ದರಲ್ಲಿ ಇನ್ಯಾರದೋ ಹೆಸರಿನ ಬಾಲ. ಹೊರಗೆ ಬಂದು ಹಳೇ ಮನೆಗಳ ಬಾಗಿಲ ಚೌಕಟ್ಟು ನೋಡುತ್ತಾ ನಡೆಯಿರಿ, ಬಲಗಡೆ ಕಂಬದಲ್ಲಿ ಕೆಲವು ಕಡೆ ಓರೆಯಾಗಿ ಒಂದು ಕಚ್ಚು ಕಾಣುತ್ತದೆ. ಪ್ರಾರ್ಥನೆಯ ಸುರುಳಿ ಇಟ್ಟಿದ್ದ ಜಾಗ ಅದು.

ಸಂಗೀತ ಕಛೇರಿಗಳಿಗೆ 1862ರ ಟೆಂಪಲ್ ಸಿನಗಾಗ್ ಹೆಸರುವಾಸಿ. ಚಿನ್ನದ ಬಣ್ಣದ ಕೆತ್ತನೆ, ಬಣ್ಣದ ಗಾಜಿನ ಕಿಟಕಿ, ಮೇಲೆ ಗ್ಯಾಲರಿ. ಬೇಸಿಗೆ ಸಂಜೆ ಜನ ತುಂಬಿದರೆ ಒಳಗೆ ಸೆಕೆ, ನೀರಿನ ಬಾಟಲಿ ಇರಲಿ. ಬೇಗ ಹೋದರೆ ಮಾತ್ರ ಕಂಬ ಅಡ್ಡ ಬರದ ಸೀಟು. ಶೆರೋಕಾ ಬೀದಿಯ ಬಯಲು ಸಂಗೀತ ತುಂಬಾ ವರ್ಷ ಶನಿವಾರ ಸಂಜೆ ಶುರುವಾಗಿ ನಡುರಾತ್ರಿ ದಾಟುತ್ತಿತ್ತು. ನೀವು ಹೋಗುವ ವರ್ಷ ಇದೆಯಾ ಅಂತ ಪಟ್ಟಿಯಲ್ಲಿ ನೋಡಿಕೊಳ್ಳಿ.

ಸಾಹಿತ್ಯದ ಹುಚ್ಚಿದ್ದರೆ ಮೊರ್ದೆಖಾಯ್ ಗೆಬಿರ್ತಿಗ್ ಹೆಸರು ನೆನಪಿರಲಿ. ಇದೇ ಬಡಾವಣೆಯ ಬಡಗಿ. ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿದ್ದಿಶ್‌ನಲ್ಲಿ ಹಾಡು ಕಟ್ಟುತ್ತಿದ್ದ. 1942ರ ಜೂನ್‌ನಲ್ಲಿ, ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋದಲ್ಲಿ ನಾಜಿಗಳು ಗುಂಡಿಟ್ಟು ಕೊಂದರು. ಹೋಗುವ ಮುಂಚೆ ಅವನ ನಾಲ್ಕು ಹಾಡಿನ ಇಂಗ್ಲಿಷ್ ಅನುವಾದ ಓದಿಕೊಂಡಿರಿ, ಭಾಷೆ ಬಾರದಿದ್ದರೂ ಕಛೇರಿಯಲ್ಲಿ ಕೂತಾಗ ಉಪಯೋಗಕ್ಕೆ ಬರುತ್ತದೆ. ಪುಸ್ತಕ ಬೇಕಾದರೆ 2004ರಲ್ಲಿ ತೆರೆದ ಗಲಿಷಿಯಾ ಯಹೂದಿ ಮ್ಯೂಸಿಯಂನ ಅಂಗಡಿಯಲ್ಲಿ ಇಂಗ್ಲಿಷ್ ಪುಸ್ತಕಗಳು ಚೆನ್ನಾಗಿವೆ. ಅಲ್ಲಿನ ಫೋಟೋ ಪ್ರದರ್ಶನಕ್ಕೂ ಒಂದು ಗಂಟೆ ಕೊಡಿ.

ಸಸ್ಯಾಹಾರಿಗಳು ಉಪವಾಸ ಇರಬೇಕಾಗಿಲ್ಲ. ಪ್ಲಾತ್ಸ್ ನೋವಿ ಚೌಕದ ನಡುವಿನ ದುಂಡು ಕಟ್ಟಡದ ಕಿಟಕಿಗಳಲ್ಲಿ ಜಪಿಯೆಕಾಂಕಾ ಮಾರುತ್ತಾರೆ, ಉದ್ದನೆ ಬ್ರೆಡ್ ಮೇಲೆ ಅಣಬೆ, ಚೀಸ್ ಹಾಕಿ ಸುಟ್ಟದ್ದು. ಒಂದು ತಿಂದರೆ ಮಧ್ಯಾಹ್ನದ ಊಟ ಮುಗಿಯಿತು. ಆಲೂಗಡ್ಡೆ, ಚೀಸ್ ತುಂಬಿದ ಪಿಯೆರೋಗಿ ನಮ್ಮ ಕಡುಬಿನ ನೆಂಟ. ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸುತ್ತಾರೆ, ಬೇಡ ಅಂತ ಮೊದಲೇ ಹೇಳಿ. ಇನ್ನೊಂದು: "ಯಹೂದಿ ಊಟ" ಅಂತ ಬೋರ್ಡ್ ಹಾಕಿದ ಹೋಟೆಲೆಲ್ಲ ಕೋಷರ್ ಅಲ್ಲ, ಅಂದರೆ ಯಹೂದಿ ಧರ್ಮದ ಆಹಾರ ನಿಯಮ ಪಾಲಿಸುವುದಿಲ್ಲ.

ಅಂಗಡಿಗಳಲ್ಲಿ ನಾಣ್ಯ ಹಿಡಿದ ಗಡ್ಡದ ಯಹೂದಿ ಗೊಂಬೆ, ಚಿತ್ರ ಕಾಣಬಹುದು. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಅನ್ನೋ ನಂಬಿಕೆ. ದಯವಿಟ್ಟು ತರಬೇಡಿ. ಆ ಜನರನ್ನೇ ಅಳಿಸಿಹಾಕಿದ ನೆಲದಲ್ಲಿ ಅದು ತಮಾಷೆಯಾಗಿ ಕಾಣಲ್ಲ.

ಇನ್ನು ಔಶ್ವಿಟ್ಜ್, ನಾಜಿಗಳು ಲಕ್ಷಾಂತರ ಯಹೂದಿಗಳನ್ನು ಕೊಂದ ಶಿಬಿರ, ಈಗ ಮ್ಯೂಸಿಯಂ. ಸುಮಾರು 70 ಕಿಲೋಮೀಟರ್ ದೂರ, ಬಸ್ಸಲ್ಲಿ ಒಂದೂವರೆ ಗಂಟೆ. ಬೆಳಿಗ್ಗೆ ಔಶ್ವಿಟ್ಜ್, ಸಂಜೆ ಕಛೇರಿ ಅಂತ ಟೂರಿನವರು ಸಲೀಸಾಗಿ ಜೋಡಿಸಿ ಕೊಡುತ್ತಾರೆ. ಒಪ್ಪಬೇಡಿ. ಗೈಡ್ ಜೊತೆ ಒಳಗೇ ಮೂರೂವರೆ ಗಂಟೆ ಆಗುತ್ತದೆ. ಅಲ್ಲಿಂದ ಬಂದ ಸಂಜೆ ಯಾವ ಹಾಡೂ ತಲೆಗೆ ಹೋಗಲ್ಲ. ಬೇರೆ ದಿನ ಇಡಿ, ಮರುದಿನ ಬೆಳಿಗ್ಗೆ ಖಾಲಿ ಬಿಡಿ. ಹದಿನಾಲ್ಕಕ್ಕಿಂತ ಚಿಕ್ಕ ಮಕ್ಕಳನ್ನು ಕರೆತರದಿರುವುದು ಒಳ್ಳೆಯದು ಅಂತ ಮ್ಯೂಸಿಯಂನವರೇ ಹೇಳುತ್ತಾರೆ. ಟಿಕೆಟ್ ಅವರ ಸ್ವಂತ ವೆಬ್‌ಸೈಟ್‌ನಲ್ಲೇ ಮಾಡಿ, ಪಾಸಲ್ಲಿ ಹೆಸರಿರುತ್ತದೆ, ಪಾಸ್‌ಪೋರ್ಟ್ ಮರೆಯಬೇಡಿ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ರೂಮಲ್ಲೇ ಬಿಟ್ಟು ಹೊರಡಿ.