ಹಕ್ಕಿಯ ಗರಿ ಮುರಿದಿದೆ, ಕಿತ್ತುಬಿಡಲಾ?

ಹಕ್ಕಿ ಸಾಕುವವರಿಂದ ನನಗೆ ವಾಟ್ಸಾಪ್‌ನಲ್ಲಿ ಅತಿ ಹೆಚ್ಚು ಬರುವ ಫೋಟೋ ಒಂದೇ ತರಹದ್ದು. ಹರಡಿ ಹಿಡಿದ ರೆಕ್ಕೆ, ಅದರಲ್ಲಿ ಅರ್ಧಕ್ಕೆ ಮುರಿದು ಜೋತಾಡುವ ಒಂದು ಗರಿ. ಕೆಳಗೆ ಪ್ರಶ್ನೆ: "ಇದನ್ನ ಕಿತ್ತುಬಿಡಲಾ? ಹೊಸದು ಬರುತ್ತಾ?" ಕೆಲವರದು ಕಾಕಟೀಲ್, ಕೆಲವರದು ಬಡ್ಜಿ; ಎರಡೂ ಪುಟ್ಟ ಗಿಳಿ ಜಾತಿಯವು. ನಮ್ಮಲ್ಲಿ ಅಂಗಡಿಯವರು ಲವ್ ಬರ್ಡ್ಸ್ ಅಂತ ಮಾರುತ್ತಾರಲ್ಲ, ಅದರಲ್ಲಿ ಹೆಚ್ಚಿನವು ಬಡ್ಜಿಗಳೇ.

ಕೀಳಬೇಡಿ. ಮೊದಲು ಆ ಗರಿಯ ದಂಟು ನೋಡಿ. ಆಮೇಲೆ ಅದು ಯಾಕೆ ಮುರಿಯಿತು ಅಂತ ಹುಡುಕಿ. ಇಷ್ಟೇ ನನ್ನ ಉತ್ತರ, ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪೂರ್ತಿ ಬೆಳೆದು ನಿಂತ ಗರಿ ನಮ್ಮ ಉಗುರಿನ ತುದಿಯ ಹಾಗೆ. ಅದೂ ಕೆರಾಟಿನ್ ಅನ್ನುವ ಪ್ರೋಟೀನೇ. ಒಳಗೆ ರಕ್ತವಿಲ್ಲ, ನರವಿಲ್ಲ. ಮುರಿದರೆ ಹಕ್ಕಿಗೆ ನೋವಾಗುವುದಿಲ್ಲ. ಆದರೆ ಮುರಿದದ್ದು ಮತ್ತೆ ಕೂಡಿಕೊಳ್ಳುವುದಿಲ್ಲ, ಉಳಿದ ತುಂಡು ಉದ್ದವೂ ಆಗುವುದಿಲ್ಲ. ಹಳೇ ಗರಿ ಉದುರುವ ಕಾಲ ಬಂದಾಗ ಆ ಮೋಟು ಬುಡಸಮೇತ ಬೀಳುತ್ತದೆ. ಅದೇ ಜಾಗದಲ್ಲಿ ಹೊಸದು ಹುಟ್ಟಿ, ಕೆಲವು ವಾರಗಳಲ್ಲಿ ಬೆಳೆದು ನಿಲ್ಲುತ್ತದೆ. ಬಡ್ಜಿ ಮರಿಗಳು ಮೂರು ನಾಲ್ಕು ತಿಂಗಳಿಗೆ ಮೊದಲ ಸಲ ಗರಿ ಉದುರಿಸುತ್ತವೆ, ಕಾಕಟೀಲ್ ಮರಿಗಳು ಸುಮಾರು ಆರು ತಿಂಗಳಿಗೆ. ಮುಂದಿನ ಸಲ ಗರಿ ಉದುರುವವರೆಗೆ ಮೋಟು ಹಾಗೇ ಇದ್ದರೆ ಏನೂ ತೊಂದರೆಯಿಲ್ಲ. ಜೋತಾಡುವ ತುಂಡು ತುಂಬಾ ಕಿರಿಕಿರಿ ಮಾಡುತ್ತಿದ್ದರೆ, ಒಣಗಿದ ಗರಿ ಅಂತ ಖಚಿತವಾದ ಮೇಲೆ, ಮುರಿದ ಜಾಗದಲ್ಲೇ ಕತ್ತರಿಯಿಂದ ತೆಗೆಯಬಹುದು.

ಕಿತ್ತರೆ ಹೊಸ ಗರಿ ಬೇಗ ಬರುತ್ತದೆ ಅಂತ ಯಾರೋ ಹೇಳಿರುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ರೆಕ್ಕೆಯ ದೊಡ್ಡ ಗರಿಗಳ ಬುಡ ಬರೀ ಚರ್ಮದಲ್ಲಿ ನೆಟ್ಟಿರುವುದಿಲ್ಲ, ಮೂಳೆಗೇ ಬಿಗಿದುಕೊಂಡಿರುತ್ತದೆ. ಅದನ್ನು ಎಳೆದು ಕೀಳುವ ನೋವು ಸಣ್ಣದಲ್ಲ. ಗರಿ ಹುಟ್ಟುವ ಕುಳಿಗೆ ಏಟಾದರೆ ಮುಂದಿನ ಗರಿ ಸೊಟ್ಟಗೆ ಬರಬಹುದು, ಚರ್ಮದೊಳಗೇ ಸುರುಳಿ ಸುತ್ತಿ ಗಂಟಾಗಬಹುದು, ಬಾರದೆಯೂ ಹೋಗಬಹುದು.

ಇನ್ನು ದಂಟಿನ ವಿಷಯ. ಮೊಬೈಲ್ ಟಾರ್ಚ್ ಹಾಕಿ ಗರಿಯ ಬುಡ ನೋಡಿ. ಬೆಳ್ಳಗೆ, ಟೊಳ್ಳಾಗಿ, ಬೆಳಕು ಹಾಯುವಂತಿದ್ದರೆ ಅದು ಬೆಳೆದು ಮುಗಿದ ಗರಿ. ದಪ್ಪಗೆ, ಕಪ್ಪು ನೀಲಿಯಾಗಿ ಅಥವಾ ಕೆಂಪಗೆ ಕಂಡು, ಮೇಣದಂಥ ಕವಚದೊಳಗೆ ಸುತ್ತಿಕೊಂಡಿದ್ದರೆ ಅದು ಇನ್ನೂ ಬೆಳೆಯುತ್ತಿರುವ ಗರಿ. ಹಕ್ಕಿ ಸಾಕುವವರು ಬ್ಲಡ್ ಫೆದರ್ ಅನ್ನುವುದು ಇದಕ್ಕೇ. ಒಳಗೆ ರಕ್ತ ಹರಿಯುತ್ತಿರುತ್ತದೆ. ಬೆಳೆದಂತೆಲ್ಲ ರಕ್ತ ಬುಡದ ಕಡೆ ಇಳಿಯುತ್ತದೆ, ಮೇಲಿನ ಕವಚ ಒಣಗಿ ಬಿಳಿಯಾಗುತ್ತದೆ. ಹಕ್ಕಿ ಕೊಕ್ಕಿನಿಂದ ಅದನ್ನು ಕಚ್ಚಿ ಕಚ್ಚಿ ಉದುರಿಸಿದಾಗ ತುದಿಯಿಂದ ಪುಟ್ಟ ಕುಂಚದ ಹಾಗೆ ಗರಿ ಬಿಚ್ಚಿಕೊಳ್ಳುತ್ತದೆ. ಪಂಜರದ ತಳದಲ್ಲಿ ಬಿಳಿ ಹೊಟ್ಟು ಕಂಡರೆ ಗಾಬರಿ ಬೇಡ, ಅದು ಈ ಕವಚವೇ.

ಗಾಬರಿಯಾಗಬೇಕಾದ್ದು ಈ ಗರಿ ಮುರಿದಾಗ. ಹಕ್ಕಿಯ ಮೈಯಲ್ಲಿ ಅದರ ತೂಕದ ಸುಮಾರು ಶೇ. 10ರಷ್ಟು ರಕ್ತ ಇರುತ್ತದೆ. ಬಡ್ಜಿ 30ರಿಂದ 40 ಗ್ರಾಂ ತೂಗುತ್ತದೆ. ಅಂದರೆ ಮೈಯಲ್ಲಿರುವ ರಕ್ತ ಮೂರು ನಾಲ್ಕು ಮಿಲಿ, ಒಂದು ಟೀ ಚಮಚವೂ ತುಂಬುವುದಿಲ್ಲ. ಆರೋಗ್ಯವಾಗಿರುವ ಹಕ್ಕಿ ಅದರಲ್ಲಿ ಹತ್ತನೇ ಒಂದು ಪಾಲು ಹೋದರೂ ತಡೆದುಕೊಳ್ಳುತ್ತದೆ. ಬಡ್ಜಿಗೆ ಅದು ಆರೇಳು ಹನಿ. ಒಂದೆರಡು ಹನಿ ಬಿದ್ದು ನಿಂತುಹೋದರೆ ಜೀವಕ್ಕೆ ಅಪಾಯವಿಲ್ಲ. ಹನಿ ತೊಟ್ಟಿಕ್ಕುತ್ತಲೇ ಇದ್ದರೆ ಮಾತ್ರ ಸುಮ್ನೆ ನೋಡುತ್ತಾ ಕೂರಬಾರದು.

ಅಡುಗೆಮನೆಯ ಕಾರ್ನ್‌ಫ್ಲೋರ್ ತನ್ನಿ. ಹಕ್ಕಿಯನ್ನು ತೆಳು ಟವೆಲ್‌ನಲ್ಲಿ ಸುತ್ತಿ, ರಕ್ತ ಬರುವ ರೆಕ್ಕೆ ಮಾತ್ರ ಹೊರಗೆ ಬಿಡಿ. ಎದೆಯನ್ನು ಖಂಡಿತ ಒತ್ತಬೇಡಿ. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆಯ ನಡುವೆ ಇದ್ದು ಉಸಿರಾಟ ನಡೆಸುವ ಸ್ನಾಯು) ಇಲ್ಲ, ಎದೆಗೂಡು ಆಡಿದರೆ ಮಾತ್ರ ಉಸಿರು. ಬಿಗಿಯಾಗಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತದೆ. ಮುರಿದ ತುದಿಗೆ ಕಾರ್ನ್‌ಫ್ಲೋರ್ ಮೆತ್ತಿ, ಮೇಲೆ ಶುಭ್ರವಾದ ಬಟ್ಟೆ ಇಟ್ಟು ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಪದೇ ಪದೇ ತೆಗೆದು ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ನಿಂತ ಮೇಲೆ ಪಂಜರವನ್ನು ಬೆಚ್ಚಗಿರುವ, ಮಂದ ಬೆಳಕಿನ ಜಾಗದಲ್ಲಿಡಿ. ಎತ್ತರದ ಕೋಲುಗಳನ್ನು ತೆಗೆದುಬಿಡಿ. ಹಾರಾಟ, ಆಟ ಅವತ್ತು ಬೇಡ. ಹತ್ತು ನಿಮಿಷವಾದರೂ ನಿಲ್ಲದಿದ್ದರೆ, ಅಥವಾ ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತುಬಿಟ್ಟರೆ, ತಕ್ಷಣ ಡಾಕ್ಟರ ಹತ್ತಿರ ಹೊರಡಿ. ಬ್ಲಡ್ ಫೆದರ್ ಮುರಿದರೆ ಕಿತ್ತೇ ಬಿಡಬೇಕು ಅಂತ ಹಿಂದೆ ಎಲ್ಲರೂ ಹೇಳುತ್ತಿದ್ದರು. ಈಗ ರಕ್ತ ನಿಂತಿದ್ದರೆ ಹಾಗೇ ಬಿಡಿ ಅನ್ನುವ ಹಕ್ಕಿ ಡಾಕ್ಟರರೇ ಜಾಸ್ತಿ. ಕೀಳಲೇಬೇಕಾದರೆ ಅದು ಅವರ ಕೆಲಸ.

ಇನ್ನು, ಯಾಕೆ ಮುರಿಯಿತು? ಅತಿ ಹೆಚ್ಚು ಸಲ ನಾನು ಕಾಣುವ ಕಾರಣ ಕತ್ತರಿಸಿದ ರೆಕ್ಕೆ. ಹಾರಿಹೋಗದಿರಲಿ ಅಂತ ಮಾರುವವರು ಒಂದೇ ಕಡೆಯ ರೆಕ್ಕೆ ಕತ್ತರಿಸಿ ಕೊಟ್ಟಿರುತ್ತಾರೆ. ಹಕ್ಕಿ ಹಾರಲು ಹೋಗಿ ಒಂದು ಕಡೆಗೆ ವಾಲಿ ದೊಪ್ಪೆಂದು ಬೀಳುತ್ತದೆ. ಗರಿಗಳು ಸಾಮಾನ್ಯವಾಗಿ ಒಂದೋ ಎರಡೋ ಉದುರಿ, ಎರಡೂ ರೆಕ್ಕೆಯಲ್ಲಿ ಸರಿಸಮವಾಗಿ ಹೊಸದಾಗುತ್ತವೆ. ಅಕ್ಕಪಕ್ಕದ ಉದ್ದ ಗರಿಗಳು ಎಳೆಯ ಗರಿಗೆ ಆಸರೆಯಾಗಿ ನಿಲ್ಲುತ್ತವೆ. ಕತ್ತರಿಸಿದ ರೆಕ್ಕೆಯಲ್ಲಿ ಆ ಆಸರೆಯೇ ಇಲ್ಲ. ರಕ್ತ ತುಂಬಿದ ಎಳೆ ಗರಿ ಒಂಟಿಯಾಗಿ ಹೊರಗೆ ಚಾಚಿಕೊಂಡಿರುತ್ತದೆ. ಹಕ್ಕಿ ಬಿದ್ದಾಗ ಮೊದಲ ಏಟು ಅದಕ್ಕೇ. ಮುರಿಯುತ್ತದೆ, ಮತ್ತೆ ಹುಟ್ಟುತ್ತದೆ, ಮತ್ತೆ ಮುರಿಯುತ್ತದೆ. "ಇದೇ ಗರಿ ಪದೇ ಪದೇ ಮುರಿಯುತ್ತೆ" ಅನ್ನುವವರಲ್ಲಿ ಅನೇಕರ ಹಕ್ಕಿಗೆ ಆಗಿರುವುದು ಇದು. ಇಂಥ ಹಕ್ಕಿಗೆ ಒಂದಷ್ಟು ಕಾಲ ತಗ್ಗಿನಲ್ಲೇ ಕೋಲು ಕಟ್ಟಿ, ಕೆಳಗೆ ದಪ್ಪ ಟವೆಲ್ ಹಾಸಿ. ಸಾಲಾಗಿ ಎರಡು ಮೂರು ಗರಿ ಬಲಿತರೆ ಉಳಿದವಕ್ಕೆ ಅವೇ ಕಾವಲು. ದಯವಿಟ್ಟು ಮತ್ತೆ ಕತ್ತರಿಸಬೇಡಿ. ಕಿಟಕಿಗೆ ಜಾಲರಿ ಹಾಕಿಸಿ, ಫ್ಯಾನ್ ಆಫ್ ಮಾಡಿ, ಹಾರಲು ಬಿಡಿ.

ಕಾಕಟೀಲ್‌ಗಳಿಗೆ ಇನ್ನೊಂದು ಕಷ್ಟವಿದೆ. ಕಗ್ಗತ್ತಲಲ್ಲಿ ಏನೋ ಅಲುಗಾಡಿದರೆ ಸಾಕು, ಬೆಚ್ಚಿಬಿದ್ದು ಪಂಜರಕ್ಕೆಲ್ಲ ಬಡಿದುಕೊಳ್ಳುತ್ತವೆ. ಗೋಡೆಯ ಹಲ್ಲಿ, ಕಿಟಕಿಯಾಚೆಯ ಬೆಕ್ಕು, ದೀಪಾವಳಿಯ ಪಟಾಕಿ, ಏನು ಬೇಕಾದರೂ ಆಗಬಹುದು. ಬೆಳಿಗ್ಗೆ ನೋಡಿದರೆ ಸರಳುಗಳ ಮೇಲೆಲ್ಲ ರಕ್ತದ ಕಲೆ. ರಾತ್ರಿ ಒಂದು ಮಂದ ಬಲ್ಬ್ ಉರಿಯುತ್ತಿರಲಿ. ಮುಕ್ಕಾಲು ಪಾಲು ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಬಾಲದ ಗರಿ ಮಾತ್ರ ಸವೆದು ಚಿಂದಿಯಾಗಿದ್ದರೆ ಪಂಜರ ಚಿಕ್ಕದು, ಅಥವಾ ಕೋಲು ಸರಳಿಗೆ ತೀರಾ ಹತ್ತಿರ. ಜಾಗ ಬದಲಿಸಿ ನೋಡಿ.

ಗರಿಯ ಮೇಲೆ ಅಡ್ಡಡ್ಡ ತೆಳು ಗೆರೆ ಕಾಣುತ್ತವಾ? ಅದು ಬೆಳೆಯುವ ಹೊತ್ತಿನಲ್ಲಿ ಹಕ್ಕಿಗೆ ಪೋಷಣೆ ಸಾಲದೆ ಹೋದ, ಇಲ್ಲವೇ ಕಾಯಿಲೆ, ಹೆದರಿಕೆ ಕಾಡಿದ ಗುರುತು. ಗರಿ ಅಲ್ಲೇ ಬಲಹೀನವಾಗಿ, ಅಲ್ಲೇ ಮುರಿಯುತ್ತದೆ. ಬರೀ ನವಣೆ, ಸೂರ್ಯಕಾಂತಿ ಬೀಜ ತಿನ್ನುವ ಹಕ್ಕಿಗಳಲ್ಲಿ ಎ ವಿಟಮಿನ್, ಕ್ಯಾಲ್ಸಿಯಂ ಕೊರತೆ ಮಾಮೂಲು. ಗರಿ ಅಂದರೆ ಬಹುಪಾಲು ಪ್ರೋಟೀನೇ ಅಲ್ವಾ? ಮೊಳಕೆ ಬಂದ ಹೆಸರುಕಾಳು, ಬೇಯಿಸಿದ ಮೊಟ್ಟೆಯ ಚೂರು, ನುಗ್ಗೆಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ಕೊಡಿ. ಸ್ನಾನಕ್ಕೆ ನೀರಿಡಿ. ಬಡ್ಜಿಗಳು ಒದ್ದೆ ಸೊಪ್ಪಿನ ಮೇಲೆ ಉರುಳಾಡಿಯೇ ಸ್ನಾನ ಮುಗಿಸುತ್ತವೆ.

ಕೆಲವು ಸಲ ಇದು ಮುರಿದ ಗರಿಯ ಸಮಸ್ಯೆಯೇ ಆಗಿರುವುದಿಲ್ಲ. ಮೈಮೇಲೆ ಗರಿ ಕಡಿಮೆಯಾಗಿ ತಲೆ ಮಾತ್ರ ಚೆನ್ನಾಗಿದ್ದರೆ, ಹಕ್ಕಿ ತಾನೇ ಕಿತ್ತುಕೊಳ್ಳುತ್ತಿರಬಹುದು. ಕೊಕ್ಕು ತಲೆಗೆ ಎಟುಕುವುದಿಲ್ಲ ನೋಡಿ. ತಲೆಯೇ ಬೋಳಾಗಿದ್ದರೆ ಜೊತೆಯ ಹಕ್ಕಿ ಕೀಳುತ್ತಿರಬಹುದು, ಅಥವಾ ಕಾಯಿಲೆ. ಹೊಸ ಗರಿಗಳು ಒಂದರ ಹಿಂದೆ ಒಂದು ಸೊಟ್ಟಗೆ, ಬುಡದಲ್ಲಿ ಹಿಸುಕಿದಂತೆ ಬರುತ್ತಿದ್ದರೆ ಗಿಳಿ ಜಾತಿಗೆ ಬರುವ ಕೊಕ್ಕು ಮತ್ತು ಗರಿಯ ವೈರಸ್ ಕಾಯಿಲೆ ಇರಬಹುದು. ಇದಕ್ಕೆ ಔಷಧಿಯಿಲ್ಲ, ಬೇರೆ ಹಕ್ಕಿಗೆ ಹರಡುತ್ತದೆ. ಆ ಹಕ್ಕಿಯನ್ನು ಪ್ರತ್ಯೇಕ ಇಟ್ಟು ಪರೀಕ್ಷೆ ಮಾಡಿಸಿ. ಹುಳ ಇರಬೇಕು ಅಂತ ಅಂಗಡಿಯ ಸ್ಪ್ರೇ ತಂದು ಹೊಡೆಯಬೇಡಿ.

ಫೆವಿಕ್ವಿಕ್ ಹಾಕಿ ಅಂಟಿಸಬಹುದಾ ಅಂತಲೂ ಕೇಳುತ್ತಾರೆ. ಮನೆಯಲ್ಲಿ ಬೇಡ. ಉದುರಿದ ಗರಿಯನ್ನು ಮುರಿದ ಗರಿಯ ಟೊಳ್ಳು ದಂಟಿಗೆ ಸಣ್ಣ ಬಿದಿರು ಕಡ್ಡಿಯಿಂದ ಕೂಡಿಸುವ ವಿದ್ಯೆ ನಿಜವಾಗಿಯೂ ಇದೆ. ಡೇಗೆ ಸಾಕಿ ಬೇಟೆಯಾಡುತ್ತಿದ್ದವರು ನೂರಾರು ವರ್ಷಗಳಿಂದ ಮಾಡಿಕೊಂಡು ಬಂದದ್ದು. ಇವತ್ತಿಗೂ ಗಾಯಗೊಂಡ ಹದ್ದು, ಗಿಡುಗಗಳನ್ನು ಬೇಗ ಆಕಾಶಕ್ಕೆ ಬಿಡಬೇಕಾದಾಗ ಪಳಗಿದವರು ಇದನ್ನು ಮಾಡುತ್ತಾರೆ. ಪಂಜರದ ಬಡ್ಜಿಗೆ ಅಂಥ ಅವಸರ ಏನಿದೆ?

ಕೊನೆಯದಾಗಿ, ನೀವು ಕಳಿಸಿದ ಫೋಟೋದಲ್ಲಿ ಇರುವುದು ನಮ್ಮ ಊರಿನದೇ ಹಸಿರು ಗಿಣಿಯಾದರೆ ನನ್ನ ಸಲಹೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಸಾಕುವಂತಿಲ್ಲ. ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಿ. ರೆಕ್ಕೆ ಕತ್ತರಿಸಿದ್ದರೂ ಚಿಂತೆಯಿಲ್ಲ. ಗರಿ ಬೆಳೆಯುವವರೆಗೆ ಅಲ್ಲಿ ನೋಡಿಕೊಳ್ಳುತ್ತಾರೆ, ಆಮೇಲೆ ಹಾರಲು ಬಿಡುತ್ತಾರೆ.