ಬುಶಿಡೊ ಗುಡ್ಡೆಗೆ ಐವತ್ತು ಸೆಂಟ್, ನಾಗಾಓ ಬಲ್ಕ್ ಡಬ್ಬಿಗೆ

ಜನರಿಂದ ಹಳೇ ಕಾರ್ಡ್ ಕೊಳ್ಳುವ ಬೈಲಿಸ್ಟ್ ಕೌಂಟರಿನ ಮಾನಿಟರ್ ಅಂಚಿಗೆ ಮ್ಯಾನೇಜರ್ ಅಂಟಿಸಿದ ಹಳದಿ ಚೀಟಿ ಈಗಲೂ ಹಾಗೇ ಇದೆ: "ಸಾಮುರಾಯ್ ಕಂಡರೆ ಬಿಡಬೇಡಿ." 2022ರ ಫೆಬ್ರವರಿಯಲ್ಲಿ ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟದ ಹೊಸ ಸೆಟ್ ಕಾಮಿಗಾವ: ನಿಯಾನ್ ಡೈನಾಸ್ಟಿ ಬಂದ ವಾರದ ಚೀಟಿ ಅದು. ಮ್ಯಾಜಿಕ್‌ನಲ್ಲಿ ಹೊಸ ಸೆಟ್ ಹಳೇ ಥೀಮನ್ನು ಮುಟ್ಟಿತು ಅಂದರೆ ಜನ ಹಳೇ ಕಾರ್ಡ್ ಕೇಳಿಕೊಂಡು ಬರುತ್ತಾರೆ, ಅದು ಸರಿಯೇ. ಯಾವ ಹಳೇ ಕಾರ್ಡ್ ಅನ್ನೋದನ್ನ ಮಾತ್ರ ಚೀಟಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಏಪ್ರಿಲ್ 23, ಶನಿವಾರ. ಸ್ಟ್ರೀಟ್ಸ್ ಆಫ್ ನ್ಯೂ ಕಪೆನ್ನ ಸೆಟ್‌ನ ಪ್ರೀರಿಲೀಸ್ (ಬಿಡುಗಡೆಗೆ ಮುಂಚಿನ ಪಂದ್ಯ). ಟೊರಾಂಟೊ ಪಕ್ಕದ ನಮ್ಮ ಅಂಗಡಿಯಲ್ಲಿ ಕೂರಲು ಜಾಗ ಇರಲಿಲ್ಲ. ಕೌಂಟರಿನ ಮುಂದೆ ಒಂಬತ್ತು ಜನರ ಸಾಲು, ಆ ಸಾಲಿನ ಮೂರನೆಯವರು ಎರಡು ಉದ್ದ ಡಬ್ಬಿ ತಂದು ಇಟ್ಟರು. ಪೂರ್ತಿ ಹಳೇ ಕಾಮಿಗಾವ: 2004ರ ಚಾಂಪಿಯನ್ಸ್, 2005ರ ಬಿಟ್ರೇಯರ್ಸ್ ಮತ್ತು ಸೇವಿಯರ್ಸ್. ಎಲ್ಲದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಟಾಪ್‌ಲೋಡರಿನಲ್ಲಿ ಒಂದು ಉಮೆಜಾವಾಸ್ ಜಿಟ್ಟೆ, ಬೆಲೆಬಾಳುವ ಕಾರ್ಡ್.

ಜಿಟ್ಟೆ ಕಂಡ ತಕ್ಷಣ, ಅಸಲಿಯೋ ನಕಲಿಯೋ ನೋಡಲು, ಕೈ ಲೂಪ್ (ಭೂತಗನ್ನಡಿ) ಕಡೆ ಹೋಯಿತು. 2014ರ ಮ್ಯಾಜಿಕ್ 2015 ಸೆಟ್‌ನಿಂದ ಈಚೆಗಷ್ಟೇ ರೇರ್ ಕಾರ್ಡುಗಳ ಕೆಳಗೆ ಹೊಲೊಗ್ರಾಮ್ ಮುದ್ರೆ ಬರುತ್ತದೆ. ಕಾಮಿಗಾವದಲ್ಲಿ ಆ ಆಸರೆ ಇಲ್ಲ, ಅಚ್ಚನ್ನೇ ನೋಡಬೇಕು. ಹಿಂಬದಿಯ ಐದು ಬಣ್ಣದ ಬೊಟ್ಟುಗಳಲ್ಲಿ ಹಸಿರನ್ನು ಲೂಪ್ ಕೆಳಗೆ ಇಟ್ಟರೆ ಅದರೊಳಗೆ ನಾಲ್ಕು ಕೆಂಪು ಚುಕ್ಕೆಗಳು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಕಾಣಬೇಕು. ಮುಂಬದಿಯಲ್ಲಿ ಚಿತ್ರ ಚುಕ್ಕೆಗಳ ಹೂವಿನಂತೆ ಬಿಡಿಸಿಕೊಳ್ಳಬೇಕು, ಆದರೆ ಹೆಸರಿನ ಕಪ್ಪು ಅಕ್ಷರ ಚುಕ್ಕೆ ಇಲ್ಲದೆ ಗಟ್ಟಿ ಕಪ್ಪಾಗಿ ಕೂತಿರಬೇಕು. ಅಕ್ಷರದ ಅಂಚಿನಲ್ಲೂ ಬಣ್ಣದ ಪುಡಿ ಕಂಡರೆ ಅದು ಯಾರೋ ಸ್ಕ್ಯಾನ್ ಮಾಡಿ ಹೊಡೆದ ಪ್ರತಿ. ಬಗ್ಗಿಸಿ ನೋಡುವ ಹಳೇ ಪರೀಕ್ಷೆ ಮಾತ್ರ ಬೇಡ. ಅಸಲಿಯೇ ಆಗಿದ್ದರೂ ಮಡಿಕೆ ಬಿದ್ದ ಮೇಲೆ ಅದು ನಿಮ್ಮ ಕಾರ್ಡು.

ಕಾರ್ಡ್ ಅಸಲಿ. ಅಂಚಿನಲ್ಲಿ ಎರಡು ಕಡೆ ಬಿಳಿಚಿಕೊಂಡಿತ್ತು, ಎಲ್‌ಪಿ, ಅಂದರೆ ಸ್ವಲ್ಪ ಸವೆದದ್ದು, ಅಂತ ಹಾಕಿದೆ. ಇಷ್ಟಕ್ಕೆ ಹದಿನೆಂಟು ನಿಮಿಷ. ಹಿಂದಿನಿಂದ ಯಾರೋ ರೌಂಡ್ ಶುರುವಾಯ್ತು ಅಂದರು, ಮ್ಯಾನೇಜರ್ ಗಡಿಯಾರ ನೋಡಿದರು. ಒಂದೇ ಕಾರ್ಡಿಗೆ ಇಷ್ಟು ಜಾಗರೂಕತೆ ಖರ್ಚು ಮಾಡಿದವನಿಗೆ ಡಬ್ಬಿಯ ಉಳಿದದ್ದಕ್ಕೆ ಏನೂ ಉಳಿದಿರಲಿಲ್ಲ.

ಮುಂದಿನ ಐದು ನಿಮಿಷದಲ್ಲಿ ಮಾಡಿದ್ದು ಇಷ್ಟು: ಟೋರಿ ಗೇಟ್ ಚಿಹ್ನೆ ಇದ್ದದ್ದು ಚಾಂಪಿಯನ್ಸ್, ಶುರಿಕೆನ್ ಇದ್ದದ್ದು ಬಿಟ್ರೇಯರ್ಸ್ ಅಂತ ಬೇರೆ ಮಾಡಿದೆ. ಚಿಹ್ನೆ ಚಿನ್ನದ ಬಣ್ಣದಲ್ಲಿದ್ದ ರೇರ್‌ಗಳನ್ನು ಎತ್ತಿಟ್ಟೆ. ಉಳಿದದ್ದರಲ್ಲಿ ಕಾರ್ಡಿನ ಬರಹದ ಮೊದಲ ಸಾಲಿನಲ್ಲಿ 'ಬುಶಿಡೊ' (ಹಳೇ ಸಾಮುರಾಯ್ ಕಾರ್ಡುಗಳ ಕಾದಾಟದ ಗುಣ) ಅಂತ ಕಣ್ಣಿಗೆ ಬಿದ್ದದ್ದನ್ನು ಒಂದು ಗುಡ್ಡೆ ಮಾಡಿ, ತಲಾ 50 ಸೆಂಟ್ ಅಂದೆ. ಎಣಿಸಿದರೆ 212. ನೂರಾ ಆರು ಡಾಲರ್. ನಾಗಾಓ, ಬೌಂಡ್ ಬೈ ಆನರ್ ಅನ್ನೋ ಸಾಮುರಾಯ್ ಒಂಬತ್ತು ಪ್ರತಿ ಇದ್ದವು, ಅದರಲ್ಲೂ ಬುಶಿಡೊ ಸಾಲು ಇದೆ. ಆದರೂ ಅವಸರದಲ್ಲಿ ಅವು ಒಂದರ ಹಿಂದೆ ಒಂದು ಅಂಟಿಕೊಂಡ ಹಾಗೆ ಕಾಮನ್‌ಗಳ ಜೊತೆ ಬಲ್ಕಿಗೆ, ಅಂದರೆ ಹತ್ತು ಸೆಂಟಿನ ಡಬ್ಬಿಗೆ, ಹೋದವು. ನಾಲ್ಕು ಮಾನಕ್ಕೆ (ಆಡುವ ಖರ್ಚು) 3/3 (ಬಲ ಮತ್ತು ತಾಳಿಕೆ), ಬೆಳ್ಳಿ ಬಣ್ಣದ ಅನ್‌ಕಾಮನ್, ಅದನ್ನೇನು ನೋಡೋದು?

ಎರಡು ವಾರದ ಮೇಲೆ ನಮ್ಮ ಪಂದ್ಯಗಳ ಜಡ್ಜ್ ಒಬ್ಬರು ಹತ್ತು ಸೆಂಟಿನ ಡಬ್ಬಿಯಿಂದ ಆರು ನಾಗಾಓ ತೆಗೆದುಕೊಂಡು ಬಿಲ್ಲಿಗೆ ಬಂದರು. ಬಿಲ್ ಆದ ಮೇಲೆ ನಗುತ್ತಾ, "ಇದನ್ನ ಇಲ್ಲಿ ಇಟ್ಟವರು ಯಾರು?" ಅಂದರು. ಬಿಲ್ ಆದ ಮೇಲೆ ಅನ್ನೋದನ್ನ ಗಮನಿಸಿ.

ಅವರು ತೋರಿಸಿದ್ದು ಇಸ್ಶಿನ್, ಟೂ ಹೆವನ್ಸ್ ಆ್ಯಸ್ ವನ್. ನಿಯಾನ್ ಡೈನಾಸ್ಟಿಯ ಕೆಂಪು-ಬಿಳಿ-ಕಪ್ಪು ಲೆಜೆಂಡ್, ಹಳೇ ಸಾಮುರಾಯ್ ಬೇಡಿಕೆಗೆ ಕಾರಣ ಅಂತ ನಾವು ನಂಬಿಕೊಂಡಿದ್ದವನು. ಕ್ರೀಚರ್ ಅಟ್ಯಾಕ್ ಮಾಡಿದ್ದರಿಂದ ಹುಟ್ಟುವ ಟ್ರಿಗರ್ (ತಾನಾಗಿ ಆಗುವ ಪರಿಣಾಮ) ಇನ್ನೊಂದು ಸಲ ಆಗುತ್ತದೆ, ಅವನ ಕೆಲಸ ಅಷ್ಟೇ. ಬುಶಿಡೊ ಹುಟ್ಟುವುದು ಅಟ್ಯಾಕ್‌ನಿಂದ ಅಲ್ಲ. ಆ ಕ್ರೀಚರ್ ಬ್ಲಾಕ್ ಮಾಡಿದಾಗ (ದಾಳಿಗೆ ಅಡ್ಡ ನಿಂತಾಗ), ಇಲ್ಲಾ ಅದನ್ನು ಯಾರಾದರೂ ಬ್ಲಾಕ್ ಮಾಡಿದಾಗ ಅದರ ಬಲ ಹೆಚ್ಚುತ್ತದೆ. ಇಸ್ಶಿನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ನಾಗಾಓ ಮಾತ್ರ ಅಟ್ಯಾಕ್ ಮಾಡಿದಾಗ ನಮ್ಮ ಸಾಮುರಾಯ್‌ಗಳಿಗೆಲ್ಲ +1/+1 ಕೊಡುತ್ತಾನೆ. ಇಸ್ಶಿನ್ ಇದ್ದರೆ ಅದೇ +2/+2. ಇಸ್ಶಿನ್ ಕೂಡ ಸಾಮುರಾಯ್, ಅವನಿಗೂ ಸೇರಿಸಿ.

ಬುಶಿಡೊದ ಕಾಯಿಲೆ ಇನ್ನೂ ಒಂದಿದೆ. ಬ್ಲಾಕ್ ಮಾಡದೇ ಇದ್ದರೆ ಆ ಸಾಲು ಕಾರ್ಡಿನ ಮೇಲೆ ಇದ್ದೂ ಇಲ್ಲದ ಹಾಗೆ. ಇಬ್ಬರ ಆಟದಲ್ಲಿ 20 ಲೈಫ್, ಬಿಡುತ್ತಾ ಹೋದರೆ ಸಾಯುತ್ತಾರೆ. ಕಮಾಂಡರ್ ಅನ್ನೋ ಆಟದ ಬಗೆಯಲ್ಲಿ 40 ಲೈಫ್, ನಾಲ್ಕು ಜನ. ಎರಡು ಡ್ಯಾಮೇಜ್ ತಾನೇ, ತಗೋ ಅಂತ ಬಿಟ್ಟುಬಿಡುತ್ತಾರೆ. ನಿಯಾನ್ ಡೈನಾಸ್ಟಿಯಲ್ಲಿ ಬುಶಿಡೊ ಬಿಟ್ಟು, ಸಾಮುರಾಯ್ ಅಥವಾ ವಾರಿಯರ್ ಒಬ್ಬನೇ ಅಟ್ಯಾಕ್ ಮಾಡಿದರೆ ಏನಾದರೂ ಆಗುವ ಹಾಗೆ ಕಾರ್ಡ್ ಮಾಡಿದ್ದಾರೆ. ರೈಯೂ, ಸ್ಟಾರ್ಮ್ಸ್ ಎಡ್ಜ್ ಹಾಗೆ ಒಬ್ಬನೇ ಹೋದವನನ್ನು ಅನ್‌ಟ್ಯಾಪ್ ಮಾಡಿ, ಆ ಟರ್ನಿನ ಮೊದಲ ಕಾಂಬ್ಯಾಟ್ ಆಗಿದ್ದರೆ ಇನ್ನೊಂದು ಕಾಂಬ್ಯಾಟ್ ಕೊಡುತ್ತಾನೆ. ಅಲ್ಲೂ ನಾಗಾಓ ಎರಡು ಸಲ ಕೆಲಸ ಮಾಡುತ್ತಾನೆ.

ಈಗ ಕಾಮಿಗಾವ ಡಬ್ಬಿ ಬಂದರೆ ಬುಶಿಡೊ ಸಾಲಿನ ಮೇಲೆ ಹೆಬ್ಬೆರಳು ಇಟ್ಟು ಉಳಿದದ್ದನ್ನು ಓದುತ್ತೇನೆ. ಕಿಟ್ಸುನೆ ಬ್ಲೇಡ್‌ಮಾಸ್ಟರ್: ಮೂರು ಮಾನ, 2/2, ಫಸ್ಟ್ ಸ್ಟ್ರೈಕ್. ಬಲ್ಕ್. ಡಿವೋಟೆಡ್ ರಿಟೇನರ್: ಒಂದು ಮಾನ, 1/1, ಬೆರಳ ಕೆಳಗೆ ಇದ್ದದ್ದೇ ಎಲ್ಲ. ಬಲ್ಕ್. ಸಾಮುರಾಯ್ ಆಫ್ ದ ಪೇಲ್ ಕರ್ಟನ್: ಗ್ರೇವ್‌ಯಾರ್ಡಿಗೆ (ಸತ್ತ ಕಾರ್ಡುಗಳ ರಾಶಿಗೆ) ಹೋಗಬೇಕಾದ ಪರ್ಮನೆಂಟ್ (ಮೇಜಿನ ಮೇಲೆ ಉಳಿಯುವ ಕಾರ್ಡ್) ಎಲ್ಲ ಎಕ್ಸೈಲ್, ಅಂದರೆ ಆಟದಿಂದಲೇ ಹೊರಗೆ. ಎತ್ತಿಡಿ. ಫುಮಿಕೊ ದ ಲೋಬ್ಲಡ್: ಎದುರಾಳಿಗಳ ಕ್ರೀಚರ್‌ಗಳು ಪ್ರತಿ ಕಾಂಬ್ಯಾಟಿನಲ್ಲಿ ಅಟ್ಯಾಕ್ ಮಾಡಲೇಬೇಕು. ನಾಲ್ಕು ಜನರ ಮೇಜಿನಲ್ಲಿ ಅದು ದೊಂಬಿ, ಕೊಳ್ಳುವವರು ಇದ್ದಾರೆ. ತೊಶಿರೊ ಉಮೆಜಾವ: ಎದುರಾಳಿಯ ಕ್ರೀಚರ್ ಸತ್ತಾಗ ಗ್ರೇವ್‌ಯಾರ್ಡಿನಿಂದ ಇನ್‌ಸ್ಟಂಟ್ (ಒಂದು ಬಗೆಯ ಮಂತ್ರದ ಕಾರ್ಡ್) ಆಡಬಹುದು. ಸಾಮುರಾಯ್ ಡೆಕ್ಕಿಗೆ ಅಲ್ಲದಿದ್ದರೂ ಹೋಗುತ್ತದೆ.

ಬೆರಳಿಗೆ ಒಗ್ಗದವನು ಟಕೆನೊ, ಸಾಮುರಾಯ್ ಜನರಲ್. ಬೇರೆ ಸಾಮುರಾಯ್‌ಗಳಿಗೆ ಅವರವರ ಬುಶಿಡೊ ಎಷ್ಟೋ ಅಷ್ಟು +1/+1, ಬ್ಲಾಕ್ ಆಗಲಿ ಬಿಡಲಿ. ಕೊಂಡ, ಲಾರ್ಡ್ ಆಫ್ ಐಗಾಂಜೊ ಪಕ್ಕದಲ್ಲಿದ್ದರೆ 3/3 ಇದ್ದವನು 8/8, ಬ್ಲಾಕ್ ಆದರೆ 13/13, ಮೇಲಾಗಿ ನಾಶ ಮಾಡಲು ಬರುವುದಿಲ್ಲ. ಓದಲು ಚೆಂದ. ಒಬ್ಬನಿಗೆ ಆರು ಮಾನ, ಇನ್ನೊಬ್ಬನಿಗೆ ಏಳು, ಅಷ್ಟರಲ್ಲಿ ಆಟ ಎಲ್ಲಿರುತ್ತದೋ. ಟಕೆನೊವನ್ನು ಡೆಕ್ಕಿನ ಕಮಾಂಡರ್ (ನಾಯಕ) ಮಾಡಿಕೊಂಡ ಒಬ್ಬರು ಬಂದರೆ ಒಂದು ಪ್ರತಿ ಹೋಗುತ್ತದೆ, ನಾಲ್ಕು ಕೊಳ್ಳುವವರು ಇಲ್ಲ.

ಬ್ರದರ್ಸ್ ಯಮಜಾಕಿ ಬೇರೆ ತರಹದ ಮೋಸ. ಒಂದೇ ಹೆಸರು, ಎರಡು ಚಿತ್ರ. ಕೆಳಗೆ 160ಎ, 160ಬಿ ಅಂತ ನಂಬರ್ ನೋಡಿ. ಎರಡು ಇದ್ದರೆ ಲೆಜೆಂಡ್ ರೂಲ್ (ಒಂದೇ ಹೆಸರಿನ ಲೆಜೆಂಡ್ ಒಬ್ಬನೇ ಇರಬೇಕು ಅನ್ನೋದು) ಬಿಟ್ಟುಕೊಟ್ಟು ಒಬ್ಬರಿಗೊಬ್ಬರು +2/+2 ಮತ್ತು ಹೇಸ್ಟ್ (ಬಂದ ಟರ್ನಿನಲ್ಲೇ ದಾಳಿ). ಕಮಾಂಡರ್‌ನಲ್ಲಿ ಒಂದು ಹೆಸರಿಗೆ ಒಂದೇ ಕಾರ್ಡ್, ಅಲ್ಲಿ ಇವರು ಅಣ್ಣನಿಲ್ಲದ ತಮ್ಮ. ಕ್ಯೂಬ್ (ಆಡಲು ತಾವೇ ಆರಿಸಿದ ಕಾರ್ಡ್ ಸಂಗ್ರಹ) ಕಟ್ಟುವವರು ಕೇಳುತ್ತಾರೆ, ಆದರೆ ಎ-ಬಿ ಜೋಡಿಯಾಗಿ. ನಮ್ಮ ಸಾಫ್ಟ್‌ವೇರ್ ಎರಡನ್ನೂ ಒಂದೇ ಸಾಲಿನಲ್ಲಿ ಎಣಿಸುತ್ತದೆ, ಹಾಗಾಗಿ ಟ್ರೇನಲ್ಲಿ ಏಳು ಎ ಕೂತಿವೆ.

ಅದೇ ಸಾಫ್ಟ್‌ವೇರಿನ ಇನ್ನೊಂದು ಕಥೆ: 'ಸಾಮುರಾಯ್' ಅಂತ ಹುಡುಕಿದರೆ ಸಾಮುರಾಯ್ ಮಾತ್ರ ಬರುತ್ತದೆ. ಹೊಸ ಕಾರ್ಡುಗಳು "ಸಾಮುರಾಯ್ ಅಥವಾ ವಾರಿಯರ್" ಅನ್ನುತ್ತವಲ್ಲ, 2014ರ ಖಾನ್ಸ್ ಆಫ್ ತಾರ್ಕಿರ್‌ನ ಮಾರ್ಡು ವಾರಿಯರ್‌ಗಳು ಇಸ್ಶಿನ್‌ನ ಬಣ್ಣಗಳಲ್ಲೇ ಇವೆ. ಚೀಫ್ ಆಫ್ ದ ಎಡ್ಜ್ ಎಷ್ಟಿದೆ ಅಂತ ನಾವ್ಯಾರೂ ನೋಡಿರಲಿಲ್ಲ. ಚೀಟಿ ಬದಲಿಸಿ ಅಂತ ಮ್ಯಾನೇಜರ್‌ಗೆ ಎರಡು ಸಲ ಹೇಳಿದೆ. "ನೋಡೋಣ" ಅಂದರು.

ಫಾಯಿಲ್ (ಹೊಳೆಯುವ ಪದರದ ಕಾರ್ಡ್) ಇದ್ದರೆ ಬೇರೆ ತೆಗೆದು ಟೇಬಲ್ ಲ್ಯಾಂಪನ್ನು ಪಕ್ಕದಿಂದ ಹಿಡಿಯಿರಿ. ಮೇಲಿನ ಬೆಳಕಿನಲ್ಲಿ ಎನ್‌ಎಂ (ಹೊಸದರ ಹಾಗೆ) ಕಂಡದ್ದು ಪಕ್ಕದ ಬೆಳಕಿನಲ್ಲಿ ಗೀರು ತುಂಬಿದ ಸ್ಲೇಟು. ತೇವಕ್ಕೆ ಕಾಗದ ಹಿಗ್ಗುತ್ತದೆ, ಫಾಯಿಲ್ ಪದರ ಹಿಗ್ಗುವುದಿಲ್ಲ, ಕಾರ್ಡ್ ಸುರುಳಿ ಆಗುತ್ತದೆ. ಸುರುಳಿ ಸರಿಯಾಗಬಹುದು. ಗೀರು ಹೋಗುವುದಿಲ್ಲ.

ಆ 212ರ ಗುಡ್ಡೆ ಇನ್ನೂ ಸ್ಟಾಕ್ ರೂಮಿನ ಕೆಳಗಿನ ಹಲಗೆಯಲ್ಲಿದೆ. ಕಳೆದ ಸ್ಟಾಕ್ ಎಣಿಕೆಯಲ್ಲಿ 171 ಸಿಕ್ಕವು. ಅದರಲ್ಲಿ ಬ್ಲೇಡ್‌ಮಾಸ್ಟರ್ ಒಂದೇ 38.