ನೋವಿನ ಕಡಲಿನಲ್ಲಿ ಮೊಣಕಾಲಿನವರೆಗೆ

2017ರ ಫೆಬ್ರವರಿಯಲ್ಲಿ ಸೋದರಮಾವನೊಂದಿಗೆ ಮಂಗಳೂರಿನಿಂದ ರಾತ್ರಿ ರೈಲು ಹತ್ತಿ ಎರ್ನಾಕುಳಂನಲ್ಲಿ ಇಳಿದು, ಅಲ್ಲಿಂದ ದೋಣಿಯಲ್ಲಿ ಫೋರ್ಟ್ ಕೊಚ್ಚಿ ಸೇರಿದೆವು. ಎರಡು ವರ್ಷಕ್ಕೊಮ್ಮೆಯ ಸಮಕಾಲೀನ ಕಲಾ ಪ್ರದರ್ಶನವಾದ ಕೊಚ್ಚಿ-ಮುಜಿರಿಸ್ ಬಿನಾಲೆಯ ಮೂರನೆಯ ಆವೃತ್ತಿ ನಡೆಯುತ್ತಿತ್ತು. ಮೆಣಸು, ತೆಂಗಿನೆಣ್ಣೆ, ಶುಂಠಿಗಳ ವ್ಯಾಪಾರಕ್ಕೆಂದು 1867ರಲ್ಲಿ ಆಂಗ್ಲ ವರ್ತಕನೊಬ್ಬ ಆರಂಭಿಸಿದ ಕಂಪನಿಯ ಕಟ್ಟಡಗಳ ಸಮೂಹವಾದ ಆಸ್ಪಿನ್‌ವಾಲ್ ಹೌಸ್ ಅದರ ಮುಖ್ಯ ತಾಣವಾಗಿತ್ತು. ಯಕ್ಷಗಾನವನ್ನು ಬಿಟ್ಟು ಬೇರೆ ಕಲೆಯ ಗೊಡವೆಗೆ ಹೋಗದ ಮಾವ ಹೊರಟು ನಿಂತದ್ದಕ್ಕೆ ಒಂದೇ ಕಾರಣವಿತ್ತು: ಕೃತಿಗಳನ್ನು ಆಯ್ದು ಪ್ರದರ್ಶನವನ್ನು ರೂಪಿಸಿದ ಆ ವರ್ಷದ ಕ್ಯುರೇಟರ್ ಸುದರ್ಶನ ಶೆಟ್ಟಿಯವರು ಮಂಗಳೂರಿನಲ್ಲಿ ಹುಟ್ಟಿದವರು, ಯಕ್ಷಗಾನ ಕಲಾವಿದರ ಮಗ.

ಅಂಗಳದಲ್ಲಿ ಸ್ಲೊವೇನಿಯಾದ ಕವಿ ಅಲೇಶ್ ಶ್ಟೇಗರ್ ನಿಲ್ಲಿಸಿದ್ದ, ಮಣ್ಣು ಮತ್ತು ಸೆಗಣಿ ಮೆತ್ತಿದ ಪಿರಮಿಡ್ ಇತ್ತು. ಒಳಗಿನ ಕತ್ತಲ ಓಣಿಯಲ್ಲಿ ಗೋಡೆ ತಡವುತ್ತ ನಡೆದರೆ ಓವಿಡ್, ಡಾಂಟೆ, ಬ್ರೆಕ್ಟ್, ದರ್ವೀಶ್ ಮೊದಲಾದ ದೇಶಭ್ರಷ್ಟ ಕವಿಗಳ ಸಾಲುಗಳು ಕೇಳಿಬರುತ್ತಿದ್ದವು. "ಸೆಗಣಿ ಸಾರಿಸಿದ ಅಂಗಳ ನೋಡಲು ನಮ್ಮ ಮನೆಗೆ ಯಾರೂ ಟಿಕೆಟ್ ತೆಗೆದುಕೊಂಡು ಬರಲಿಲ್ಲವಲ್ಲ ಮಾರಾಯ" ಎಂದರು ಮಾವ. ನಾನು ನಕ್ಕೆನಾದರೂ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಕವಿಗಳ ದನಿಗಿಂತ ಎಡವಿ ಬೀಳುವ ಭಯವೇ ನನ್ನನ್ನು ಹೆಚ್ಚು ಕಾಡಿತ್ತು.

ಚಿಲಿಯ ಕವಿ ರಾವುಲ್ ಸುರೀತಾ ಅವರ 'ನೋವಿನ ಕಡಲು' ಇದ್ದ ಗೋದಾಮಿನಲ್ಲಿ ಮಾತ್ರ ಹಾಗಾಗಲಿಲ್ಲ. ಉದ್ದನೆಯ ಆ ಕೋಣೆಯ ನೆಲವೆಲ್ಲ ಕಡಲ ನೀರು. ಚಪ್ಪಲಿ ಬಿಟ್ಟು, ಬಟ್ಟೆ ಎತ್ತಿಕೊಂಡು ನೀರಿನಲ್ಲಿಯೇ ಆಚೆ ತುದಿಗೆ ನಡೆಯಬೇಕಿತ್ತು. ಕೇಳಿಸುವುದಿಲ್ಲವೇ, ಕಾಣಿಸುವುದಿಲ್ಲವೇ ಎಂಬಂತಹ ಪ್ರಶ್ನೆಗಳು ಇಕ್ಕೆಲದ ಗೋಡೆಗಳಲ್ಲಿದ್ದವು. ಕೊನೆಯ ಗೋಡೆಯ ಮೇಲೆ ಗಾಲಿಪ್ ಕುರ್ದಿ ಎಂಬ ಬಾಲಕನನ್ನು ಕುರಿತ ಸಾಲುಗಳು. 2015ರ ಸೆಪ್ಟೆಂಬರಿನಲ್ಲಿ ಟರ್ಕಿಯ ದಡದಲ್ಲಿ ಬೋರಲಾಗಿ ಬಿದ್ದಿದ್ದ ಸಿರಿಯಾದ ಮಗು ಅಲಾನನ ಚಿತ್ರವನ್ನು ಜಗತ್ತೇ ನೋಡಿತು. ಅದೇ ದೋಣಿಯಲ್ಲಿ ಮುಳುಗಿದ ಅವನ ಅಣ್ಣ ಗಾಲಿಪನ ಅಂತಹ ಚಿತ್ರವನ್ನು ಯಾರೂ ನೋಡಲಿಲ್ಲ. ಸುರೀತಾ ಬರೆದದ್ದು ಆ ಅಣ್ಣನಿಗಾಗಿ. 1973ರ ಸೇನಾ ದಂಗೆಯ ದಿನ ಬಂಧಿತರಾಗಿ ಹಡಗೊಂದರ ಒಡಲಲ್ಲಿ ಸೆರೆಯಾಗಿದ್ದ ಈ ಕವಿಗೆ ಕಡಲೆಂಬುದು ಬರಿಯ ಉಪಮೆಯಲ್ಲ.

ಅಂಚಿನಲ್ಲೇ ನಿಂತು ಫೋಟೊ ತೆಗೆದುಕೊಂಡು ಹಿಂದಿರುಗಿದವರೂ ಇದ್ದರು. ಅವರು ಕೃತಿಯನ್ನು ನೋಡಿದಂತಾಯಿತೇ ಎಂದು ನಾನು ಯೋಚಿಸುತ್ತಿರುವಾಗ ಮಾವ ಪಂಚೆ ಮೇಲೆ ಕಟ್ಟಿ ನೀರಿಗಿಳಿದಿದ್ದರು. "ನಾಟಿಯ ಗದ್ದೆಯಲ್ಲಿ ಇಷ್ಟೇ ನೀರಿರುತ್ತದೆ" ಎಂದು ಮೊದಲು ಹಗುರವಾಗಿಯೇ ಮಾತಾಡಿದರು, ನಡುವಿನಿಂದಾಚೆ ಮೌನವಾದರು. ಬರಹವನ್ನು ನಾನು ಕನ್ನಡದಲ್ಲಿ ಹೇಳಿದೆ. ಹೇಳದೆ ಹೋಗಿದ್ದರೆ ಅವರಿಗದು ಗದ್ದೆಯಾಗಿಯೇ ಉಳಿಯುತ್ತಿತ್ತೇನೋ ಎಂಬ ಅನುಮಾನ ನನಗೆ ಈಗಲೂ ಇದೆ. ವಿವರಣೆಯ ಊರುಗೋಲಿಲ್ಲದೆ ನಿಲ್ಲಲಾರದ ಕೃತಿಗಳ ಬಗ್ಗೆ ನನ್ನ ತಕರಾರು ಹಳೆಯದು. ಆದರೆ ಪುರಾಣದ ಕಥೆ ಗೊತ್ತಿಲ್ಲದವನನ್ನು ತಂದು ಯಕ್ಷಗಾನದ ಮುಂದೆ ಕೂರಿಸಿದರೂ ಇಷ್ಟೇ ಅಲ್ಲವೇ? ವ್ಯತ್ಯಾಸವನ್ನು ಗುರುತಿಸಿದವರು ಮಾವನೇ: "ಆಟದಲ್ಲಿ ನಾವು ಕೆಳಗೆ ಕೂತಿರುತ್ತೇವೆ, ಇವನು ನಮ್ಮನ್ನೇ ರಂಗಸ್ಥಳಕ್ಕೆ ಇಳಿಸಿದ್ದಾನೆ. ಕುಣಿತ ಬಾರದವರನ್ನು!"

ಸಂಜೆ ಹಿಂದಿರುಗುವ ದೋಣಿಯಲ್ಲಿ, ಇದು ಕಲೆ ಹೌದೋ ಅಲ್ಲವೋ ಎಂದು ನಾನು ಕೆದಕಿದೆ. ಒಣಗುತ್ತಿದ್ದ ಪಂಚೆಯ ಅಂಚನ್ನು ಕೊಡವುತ್ತ ಅವರು, "ಅದನ್ನು ನೀನು ಬೇಕಾದರೆ ಬರೆದುಕೋ. ಆ ದೊಡ್ಡ ಹುಡುಗನ ಹೆಸರು ಏನು ಹೇಳಿದೆ?" ಎಂದು ಕೇಳಿದರು.